ಬಿಳಿಗುಡ್ಡ ನೀರು ನುಂಗದ ಶ್ರಾವಣ

ಇದನ್ನು ಹೇಳುವುದನ್ನು ನಾನು ಬಹಳ ವರ್ಷ ಮುಂದೂಡಿದೆ. ಮೊದಲು ಕಣ್ಣು ಸರಿಯಿಲ್ಲ, ಬರೆಯುವುದು ಹೇಗೆ ಎಂದುಕೊಂಡೆ. ಪೊರೆ ತೆಗೆದರು, ಕಣ್ಣು ಸರಿಹೋಯಿತು. ಆಮೇಲೆ ಹತ್ತನೇ ತರಗತಿಯವರೆಗೆ ಓದಿದವನು ಬರೆದದ್ದನ್ನು ಯಾರು ಓದುತ್ತಾರೆ ಎಂದುಕೊಂಡೆ. ಈಗ ನೆಪಗಳೂ ಮುಗಿದಿವೆ, ಮೈಯಲ್ಲಿ ಕಸುವೂ ಅಷ್ಟಕ್ಕಷ್ಟೆ.

ಹೋದ ತಿಂಗಳು ಆದೋನಿಯ ನಮ್ಮ ಮನೆಯಲ್ಲಿ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದರು. ಆರತಿಗೆಂದು ಸೊಸೆ ತಟ್ಟೆಯಲ್ಲಿ ಅರಿಶಿಣದ ನೀರು ಮಾಡಿ, ಅದಕ್ಕೆ ಚಿಟಿಕೆ ಸುಣ್ಣ ಹಾಕಿ ಬೆರಳಾಡಿಸಿದಳು. ಹಳದಿ ನೀರು ನೋಡನೋಡುತ್ತ ಕೆಂಪಾಯಿತು. ನಾನು ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತೆ. ಯಾರ ಮನೆಯ ಆರತಿಯಾದರೂ ನಾನು ಹೀಗೆ ಹೊರಗೆ ಹೋಗುತ್ತೇನೆ. ಯಾಕೆಂದು ಹೆಂಡತಿ ಕೇಳುತ್ತಿದ್ದಳು, ಈಗ ಕೇಳುವುದಿಲ್ಲ. ಆ ದಿನ ಕಟ್ಟೆಯ ಮೇಲೆ ಕೂತಾಗ, ಬಿಳಿಗುಡ್ಡಕ್ಕೆ ಒಮ್ಮೆ ಹೋಗಿಬರಬೇಕು ಅನಿಸಿತು.

ನಮ್ಮ ಆದೋನಿಯ ಗುಡ್ಡಗಳು ಗುಂಡುಗಲ್ಲಿನವು. ಒಂದರ ಮೇಲೊಂದು ಯಾರೋ ಇಟ್ಟು ಮರೆತುಹೋದಂಥ ಬಂಡೆಗಳು. ಹಗಲೆಲ್ಲ ಬಿಸಿಲು ಉಂಡು ಕೋಳಿ ಕೂಗುವವರೆಗೂ ಬಿಸಿ ಉಗುಳುತ್ತವೆ. ಮಳೆ ಬಂದರೆ ನೀರು ಅವುಗಳ ಬೆನ್ನ ಮೇಲೆ ಹರಿದು ಕೆರೆಗೆ ಬೀಳುತ್ತದೆ. ಕಲ್ಲಿನೊಳಗೆ ಒಂದು ಹನಿಯೂ ಹೋಗುವುದಿಲ್ಲ. ನಾನು ಹುಟ್ಟಿ ಬೆಳೆದದ್ದು ಈ ಕಲ್ಲುಗಳ ನಡುವೆ. ಗುಡ್ಡ ಎಂದರೆ ಇದೇ ಎಂದು ತಿಳಿದಿದ್ದೆ.

ಪತ್ತಿಕೊಂಡ ದಾಟಿ ಮೂಡಲ ಕಡೆಗೆ ಹೋದರೆ ಕಲ್ಲಿನ ಜಾತಿಯೇ ಬೇರೆ. ಗುಂಡು ಹೋಗಿ ಹಾಸು ಬರುತ್ತದೆ. ಮನೆಯ ಗೋಡೆ, ಹೊಲದ ಬದು, ದನದ ಗೋದಲಿ ಎಲ್ಲ ಚಪ್ಪಡಿಯವೇ. ಅಲ್ಲಿ, ಒಂದು ಸಣ್ಣ ಊರಿನ ತಲೆಯ ಮೇಲೆ, ಬಿಳಿಗುಡ್ಡ ಇದೆ. ಅದು ಸುಣ್ಣದ ಕಲ್ಲಿನ ಗುಡ್ಡ. ಪಡುವಣಕ್ಕೆ ಗೋಡೆಯಂತೆ ಕಡಿದು, ಮೂಡಲಿಗೆ ಇಳಿಜಾರು. ಕಡಿದ ಮಗ್ಗುಲನ್ನು ದೂರದಿಂದ ನೋಡಿದರೆ ಜೋಳದ ರೊಟ್ಟಿಗಳನ್ನು ಒಟ್ಟಿಟ್ಟಂತೆ ಪದರ ಪದರ ಕಾಣುತ್ತದೆ. ತುದಿಯಲ್ಲಿ ಮಣ್ಣಿಲ್ಲ. ಮಳೆ ಕೊರೆದು ಕೊರೆದು ಕಲ್ಲಿನ ಮೇಲೆ ಬಾಚಣಿಗೆ ಎಳೆದಂತೆ ಗೆರೆ ಬಿದ್ದು, ಅಂಚುಗಳು ಕುಡುಗೋಲಿನಂತೆ ಮಸೆದಿವೆ. ಅಲ್ಲಿದ್ದ ಆ ವರ್ಷ ನನ್ನ ಚಪ್ಪಲಿ ಎಷ್ಟು ಸಲ ಹರಿದವೋ.

ನಾನು ಅಲ್ಲಿಗೆ ಹೋದದ್ದು ಕಾವಲುಗಾರನಾಗಿ. ಹತ್ತಿ ಮಿಲ್ಲಿನಲ್ಲಿ ಅಂಡಿಗೆ, ಅಂದರೆ ಹತ್ತಿಯ ದೊಡ್ಡ ಮೂಟೆ, ತೂಗುತ್ತಿದ್ದವನು. ಮಿಲ್ಲು ನಿಂತುಹೋಗಿತ್ತು, ಎದೆಯಲ್ಲಿ ನೂಲಿನ ಧೂಳು ಸೇರಿ ಕೆಮ್ಮು ಹತ್ತಿತ್ತು. ಗಾಳಿಯಂತ್ರ ಹಾಕುವ ಒಂದು ಕಂಪನಿ, ಆ ತುದಿಯಲ್ಲಿ ಗಾಳಿ ಎಷ್ಟು ಬೀಸುತ್ತದೆಂದು ಅಳೆಯಲು ಎತ್ತರದ ಕಬ್ಬಿಣದ ಕಂಬ ನಿಲ್ಲಿಸುತ್ತಿತ್ತು. ಸಾಮಾನು ಕಾಯಲು, ಕೂಲಿಯವರನ್ನು ನೋಡಿಕೊಳ್ಳಲು ಒಬ್ಬ ಬೇಕಿತ್ತು. ತಗಡಿನ ಶೆಡ್ಡು, ಒಂದು ಮಂಚ, ಒಂದು ಒಲೆ. ಗುಡ್ಡದ ಗಾಳಿ ಕೆಮ್ಮಿಗೆ ಒಳ್ಳೆಯದು ಎಂದು ಹೆಂಡತಿ ಕಳಿಸಿಕೊಟ್ಟಳು.

ಆ ಬೇಸಿಗೆ ನೆನೆದರೆ ಈಗಲೂ ಕಣ್ಣು ಕುಕ್ಕುತ್ತದೆ. ಬಿಳಿ ಕಲ್ಲು ಬಿಸಿಲನ್ನು ಕನ್ನಡಿಯ ಹಾಗೆ ಮುಖಕ್ಕೆ ಹೊಡೆಯುತ್ತಿತ್ತು. ನೆರಳೆಂದರೆ ಸಂದಿಗಳಲ್ಲಿ ಬೆಳೆದ ಸೀತಾಫಲದ ಮೋಟು ಗಿಡಗಳು, ಬಂದರಕಿ ಪೊದೆಗಳು ಅಷ್ಟೆ. ಆದರೆ ಆ ತುದಿಯಲ್ಲೊಂದು ತಂಪಿನ ಜಾಗ ಇತ್ತು. ಎಮ್ಮೆ ಮಲಗುವಷ್ಟು ಅಗಲದ ತಗ್ಗು, ಅದರ ತಳದಲ್ಲಿ ಒಳಕಲ್ಲಿನಷ್ಟು ತೂತು. ಊರವರು ಅದನ್ನು ನುಂಗುಗುಂಡಿ ಎನ್ನುತ್ತಿದ್ದರು. ನಡುಹಗಲಿನಲ್ಲಿ ಆ ತೂತಿನಿಂದ ತಣ್ಣನೆಯ ಗಾಳಿ ಬರುತ್ತಿತ್ತು, ಹೊಸ ಗಡಿಗೆಯ ನೀರಿನ ವಾಸನೆ ಹೊತ್ತು. ಎಷ್ಟು ಮಳೆ ಬಂದರೂ ತುದಿಯಲ್ಲಿ ನೀರು ನಿಲ್ಲುವುದಿಲ್ಲ. ಎಲ್ಲ ಗುಟುಗುಟು ಎಂದು ಆ ತೂತಿಗೆ ಇಳಿಯುತ್ತದೆ. ಇಳಿದದ್ದು ಗುಡ್ಡದೊಳಗೆ ಎಲ್ಲೆಲ್ಲೋ ಸುತ್ತಿ, ಬುಡದಲ್ಲಿ ಕಲ್ಲಿನ ಬಸವನ ಬಾಯಿಂದ ಒರತೆಯಾಗಿ ಬೀಳುತ್ತದೆ. ಊರಿಗೆಲ್ಲ ಅದೇ ಕುಡಿಯುವ ನೀರು. ಕುದಿಸಿದರೆ ಪಾತ್ರೆಯ ತಳದಲ್ಲಿ ಬಿಳಿ ಚಕ್ಕೆ ಕೂರುತ್ತಿತ್ತು.

ಕಂಪನಿಯ ಇಂಜಿನಿಯರ್, ಕರ್ನೂಲು ಕಡೆಯ ಹುಡುಗ, ಒಮ್ಮೆ ಕಲ್ಲಿನಲ್ಲಿದ್ದ ಎಲೆಕೋಸಿನಂಥ ಸುರುಳಿ ಗುರುತುಗಳನ್ನು ತೋರಿಸಿ, ಇಲ್ಲಿ ಒಂದು ಕಾಲಕ್ಕೆ ಸಮುದ್ರವಿತ್ತು, ಇವು ಅದರ ತಳದ ಪಾಚಿ ಕಟ್ಟಿದ ಪದರಗಳು ಎಂದಿದ್ದ. ಮಳೆಯ ನೀರಿನಲ್ಲಿ ಕಣ್ಣಿಗೆ ಕಾಣದ ಹುಳಿ ಇರುತ್ತದಂತೆ. ಅದು ಸುಣ್ಣದ ಕಲ್ಲನ್ನು ಬೆಲ್ಲದ ಹಾಗೆ ಕರಗಿಸಿ ದಾರಿ ಮಾಡಿಕೊಳ್ಳುತ್ತದಂತೆ. ಈ ತೂತು ಆಗಲು ಎಷ್ಟು ಕಾಲ ಹಿಡಿದಿರಬಹುದು ಎಂದು ಕೇಳಿದೆ. ಅವನು ನಕ್ಕು, ಮನುಷ್ಯರ ಲೆಕ್ಕಕ್ಕೆ ಸಿಗುವುದಿಲ್ಲ ಎಂದ.

ಕಾಂಕ್ರೀಟು ಕಲಸಲು ನೀರು ಬೇಕಿತ್ತು. ಟ್ಯಾಂಕರು ಮೇಲೆ ಬರುವಂತಿರಲಿಲ್ಲ. ಒರತೆಯಿಂದ ಕೊಡ ಹೊತ್ತು ತರಲು ಊರಿನ ಕೆಲವು ಹೆಂಗಸರನ್ನು ಹಿಡಿದಿದ್ದೆವು. ಅವರಲ್ಲಿ ಒಬ್ಬಾಕೆಯ ವಿಷಯವೇ ನಾನು ಹೇಳಬೇಕಾದದ್ದು. ಹೆಸರು ಈಗಲೇ ಬರೆಯಲು ಕೈ ಬರುತ್ತಿಲ್ಲ. ಗಂಡ ಇನ್ನೊಬ್ಬಳನ್ನು ತಂದುಕೊಂಡಿದ್ದಕ್ಕೆ ಬಿಟ್ಟು ಬಂದು ಅಣ್ಣ ಈರಣ್ಣನ ಮನೆಯಲ್ಲಿ ಇದ್ದಳು. ವಯಸ್ಸು ಮೂವತ್ತೈದರ ಆಚೀಚೆ. ಕೊಡ ಇಳಿಸಿ ನುಂಗುಗುಂಡಿಯ ಪಕ್ಕ ಕೂತು, ತಲೆಯ ಮೇಲಿನ ಸೆರಗು ಸರಿಸಿ ಆ ತಂಪುಗಾಳಿಗೆ ಮುಖ ಒಡ್ಡುತ್ತಿದ್ದಳು. ನನ್ನನ್ನು ಯಣ್ಣಾ ಎನ್ನುತ್ತಿದ್ದಳು. ನನ್ನ ಮೊಣಕಾಲು ನೋವನ್ನು ನೋಡಿ, ಇಂಥ ಕಾಲಿನವನ್ನ ಗುಡ್ಡ ಕಾಯಾಕ ಇಟ್ಟಾರಲ್ಲ, ಗುಡ್ಡನ ನಿನ್ನ ಕಾಯಬೇಕು ಎಂದು ಹಾಸ್ಯ ಮಾಡುವಳು. ನನ್ನ ರೊಟ್ಟಿ ಕಲ್ಲಿನ ಹಾಗಿರುತ್ತಿತ್ತು. ಒಮ್ಮೆ ತಿಂದು ನೋಡಿ, ಆಮೇಲಿಂದ ಒಂದೆರಡು ರೊಟ್ಟಿ, ಗುರೆಳ್ಳು ಚಟ್ನಿ ತಾನೇ ಕಟ್ಟಿಕೊಂಡು ಬರುತ್ತಿದ್ದಳು.

ಆ ಊರಿನಲ್ಲೊಂದು ವಾಡಿಕೆ ಇತ್ತು. ಶ್ರಾವಣದ ಮೊದಲ ಸೋಮವಾರ ಬೆಳಿಗ್ಗೆ ಈರಣ್ಣನ ಮನೆತನದ ಹೆಣ್ಣುಮಗಳು ಒಂದು ಕೊಡ ಅರಿಶಿಣದ ನೀರು ಹೊತ್ತು ಗುಡ್ಡ ಹತ್ತಿ ನುಂಗುಗುಂಡಿಗೆ ಸುರುವಬೇಕು. ಕೆಳಗೆ ಬಸವನ ಬಾಯಿಯ ಅಡಿ ಬಿಳಿ ಪಂಚೆ ಹಾಸಿಟ್ಟಿರುತ್ತಾರೆ. ದೀಪ ಹಚ್ಚುವ ಹೊತ್ತಿಗೆ ಒರತೆಯ ನೀರು ಪಂಚೆಯ ಮೇಲೆ ಹಳದಿ ಬಿಡುತ್ತದೆ. ಆಗ ಊರೆಲ್ಲ ಆ ನೀರನ್ನು ಕಣ್ಣಿಗೊತ್ತಿಕೊಂಡು ಮನೆಗೆ ಒಯ್ಯುತ್ತದೆ. ಸುರುವುವವಳು ಸೊಸೆ ಆಗಬಾರದು, ಆ ಮನೆಯಲ್ಲಿ ಹುಟ್ಟಿದ ಮಗಳೇ ಆಗಬೇಕು. ಯಾಕೆಂದು ಆಕೆಯನ್ನೇ ಕೇಳಿದ್ದೆ.

“ಗುಡ್ಡಕ್ಕ ಕೊಟ್ಟ ನೀರು ತಿರುಗಿ ಊರಿಗೆ ಬರತೈತಿ ಯಣ್ಣಾ,” ಅಂದಳು. “ಕೊಟ್ಟ ಮಗಳೂ ಹಂಗ, ಒಂದಿನ ತಿರುಗಿ ಬಂದ್ರ ಬ್ಯಾಡ ಅನಬಾರದು. ಅದಕ್ಕ ಮಗಳು ಸುರುವಬೇಕು. ನೀರು ಬರಾತನಕ ನನಗ ಆ ಮನ್ಯಾಗ ಜಾಗ ಐತಿ. ನಮ್ಮತ್ತಿಗಿ ಬಾಯಿಗೂ ಅದ ಬೀಗ.”

ನಗುತ್ತಲೇ ಹೇಳಿದಳು. ಅತ್ತಿಗೆ ಆಕೆಯನ್ನು ಮನೆಯಿಂದ ಕಳಿಸಬೇಕೆಂದು ದಿನವೂ ಒಂದಲ್ಲ ಒಂದು ಮಾತು ತೆಗೆಯುತ್ತಿದ್ದಳೆಂದು ಉಳಿದ ಹೆಂಗಸರು ಹೇಳಿದ್ದರು. ಹಾಗಾಗಿ ಆ ಹಳದಿ ನೀರಿನಲ್ಲಿ ಆಕೆಯ ಇಡೀ ಬದುಕು ಇತ್ತು ಎಂಬುದು ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದೆ ಎಂದು ಹೇಳುವಂತಿಲ್ಲ.

ಬೇಸಿಗೆಯ ಕೊನೆಗೆ ಕಂಬದ ತಳಪಾಯ ಮುಗಿಯಿತು. ದೊಡ್ಡ ಅಧಿಕಾರಿ ಮರುದಿನ ನೋಡಲು ಬರುತ್ತಾನೆಂದು ಸುದ್ದಿ ಬಂತು. ತುದಿಯ ತುಂಬ ಕಲ್ಲುಚೂರು, ಮಿಕ್ಕ ಕಾಂಕ್ರೀಟು, ನೆನೆದು ಕೆಟ್ಟ ಸಿಮೆಂಟಿನ ಚೀಲಗಳು. “ಪೆದ್ದಾಯನಾ, ಸಾಯಂತ್ರಾನಿಕಿ ಅಂತಾ ಕ್ಲೀನ್ ಅಯಿಪೋವಾಲಿ” ಎಂದು ಇಂಜಿನಿಯರ್ ತೆಲುಗಿನಲ್ಲಿ ಹೇಳಿ ಇಳಿದುಹೋದ. ಯಜಮಾನಾ, ಸಂಜೆಯೊಳಗೆ ಎಲ್ಲ ಚೊಕ್ಕಟವಾಗಬೇಕು ಎಂದು. ಕೂಲಿಯವರು ಬಸವಳಿದಿದ್ದರು. ಅದನ್ನೆಲ್ಲ ಹೊತ್ತು ಕೆಳಗಿಳಿಸುವುದೆಂದರೆ ಮತ್ತೊಂದು ದಿನದ ಕೆಲಸ. ನನಗೂ ಮೊಣಕಾಲು ಸಿಡಿಯುತ್ತಿತ್ತು. ಆ ತೂತಿಗೆ ತಳ್ಳಿಬಿಡ್ರಿ ಎಂದೆ. ಒಬ್ಬ ಕೂಲಿಯವನು ಅನುಮಾನಿಸಿದ. ಏನಾಗಲ್ಲ, ಒಳಗ ಬಯಲೈತಿ ಎಂದೆ. ಹೆಂಗಸರು ಆಗಲೇ ಇಳಿದುಹೋಗಿದ್ದರು. ಮೊದಲು ಕಲ್ಲು, ಆಮೇಲೆ ಕಲಸಿದ್ದು, ಕೊನೆಗೆ ಚೀಲದ ಪುಡಿ. ಕತ್ತಲಾಗುವ ಮುಂಚೆ ತಗ್ಗಿನ ತಳ ಸಮವಾಗಿತ್ತು. ಅಧಿಕಾರಿ ಬರಲೇ ಇಲ್ಲ.

ಮರುದಿನ ಮಧ್ಯಾಹ್ನ ರೂಢಿಯಂತೆ ತಂಪಿಗೆ ಹೋಗಿ ಕೂತೆ. ಗಾಳಿ ಇರಲಿಲ್ಲ. ಸತ್ತವರ ಮೂಗಿನ ಹತ್ತಿರ ಕೈ ಹಿಡಿದಂತಾಯಿತು.

ನೀರಿನ ಕೆಲಸ ಮುಗಿದಿದ್ದರಿಂದ ಹೆಂಗಸರು ಮೇಲೆ ಬರುವುದು ನಿಂತಿತು. ಮುಂಗಾರು ಶುರುವಾಯಿತು. ನಮ್ಮ ಸೀಮೆಯ ಮುಂಗಾರು ಬಹುಪಾಲು ಗಾಳಿಯೇ. ಆಷಾಢದಲ್ಲಿ ಪಡುವಣ ಗಾಳಿ ಕಡಿದ ಮಗ್ಗುಲಿಗೆ ಬಡಿದು ಮೇಲೇರಿ ಶೆಡ್ಡಿನ ತಗಡನ್ನು ರಾತ್ರಿ ಹಗಲು ಗದಗದ ಅಲುಗಿಸುತ್ತಿತ್ತು. ಮೋಡಗಳು ತಲೆಗೆ ತಾಗುವಷ್ಟು ಕೆಳಗೆ ಬಂದು, ಹಾದು, ನಲ್ಲಮಲದ ಕಡೆ ಹೋಗುತ್ತಿದ್ದವು. ನಮಗೆ ಸಿಗುತ್ತಿದ್ದದ್ದು ಜಿನುಗು. ಕೆಳಗೆ ಹೊಲಗಳು ಬಾಯಿ ಬಿಟ್ಟಿದ್ದರೂ ತುದಿಯ ಕಲ್ಲು ಯಾವಾಗಲೂ ಒದ್ದೆ. ಆ ಜಿನುಗು ದಿನದಿನಕ್ಕೆ ತಗ್ಗಿನಲ್ಲಿ ಸೇರಿತು. ಒಂದು ಸಂಜೆ ಕಪ್ಪೆ ಕೂಗಿತು. ಆ ತುದಿಯಲ್ಲಿ ಹಿಂದೆಂದೂ ಕಪ್ಪೆ ಕೂಗಿರಲಿಕ್ಕಿಲ್ಲ. ಒಲೆಯ ಮುಂದೆ ಕೂತವನು ತಟ್ಟೆ ಬದಿಗಿಟ್ಟು ಎದ್ದೆ. ಬೆಳಗಾದ ಮೇಲೆ ಹಾರೆ ತೆಗೆದುಕೊಂಡು ಒಂದಿಷ್ಟು ಕುಟ್ಟಿದೆ. ಹಾರೆಯ ತುದಿ ಮಡಿಯಿತು, ಕಾಂಕ್ರೀಟು ಬಿಡಲಿಲ್ಲ. ಕೆಮ್ಮು ಬಂತು. ಬಿಟ್ಟೆ. ಕೆಳಗೆ ಹೋಗಿ ನಾಲ್ಕು ಜನರನ್ನು ಕರೆದಿದ್ದರೆ ಒಂದು ದಿನದಲ್ಲಿ ಆಗುತ್ತಿತ್ತು. ಕರೆಯಬೇಕಾದರೆ ಹೇಳಬೇಕಿತ್ತು.

ಶ್ರಾವಣದ ಸೋಮವಾರ ಬಂತು. ಬೆಳಕು ಹರಿಯುವಾಗಲೇ ಎದ್ದು, ತಗ್ಗಿನ ನೀರನ್ನು ಬೋಗುಣಿಯಲ್ಲಿ ಎತ್ತಿ ಎತ್ತಿ ಹೊರಗೆ ಚೆಲ್ಲಿದೆ. ತಳ ಕಾಣದಂತೆ ಬಂದರಕಿ ಸೊಪ್ಪು ಮುರಿದು ಹರಡಿದೆ. ಆ ಕೆಲಸಕ್ಕೆ ನನಗೆ ಕಸುವು ಎಲ್ಲಿಂದ ಬಂತೋ.

ಆಕೆ ಒಬ್ಬಳೇ ಹತ್ತಿ ಬಂದಳು. ತೊಳೆದ ಇಳಕಲ್ ಸೀರೆ, ತಲೆಯ ಮೇಲೆ ಹಿತ್ತಾಳೆ ಕೊಡ. ಗಾಳಿ ಸೆರಗನ್ನು ಎಳೆಯುತ್ತಿದ್ದರೂ ಕೊಡ ಅಲುಗಿರಲಿಲ್ಲ. ಸೊಪ್ಪು ಯಾಕೆ ಎಂದಳು. ಗಾಳಿಗೆ ಬಿದ್ದದ್ದು ಎಂದೆ. ಕಣ್ಣು ಮುಚ್ಚಿ ಏನೋ ಅಂದುಕೊಂಡು ಎರಡೂ ಕೈಯಿಂದ ಕೊಡ ಬಾಗಿಸಿದಳು. ದಾರದಂತೆ ಒಂದೇ ಧಾರೆ. ನೀರು ಸೊಪ್ಪಿನ ಮೇಲೆ ಬಂದು ನಿಂತಿತು. ಸ್ವಲ್ಪ ಹೊತ್ತು ನೋಡಿದಳು. ಕೂತು ಸೊಪ್ಪು ಸರಿಸಿದಳು. ತಳದಿಂದ ಹಳದಿ ಕೆಂಪಾಗಿ ಏಳುತ್ತಿತ್ತು, ಆರತಿ ನೀರಿನ ಹಾಗೆ.

ಅರಿಶಿಣಕ್ಕೆ ಸುಣ್ಣ ತಾಗಿದರೆ ಏನಾಗುತ್ತದೆಂದು ನಮ್ಮ ಯಾವ ಹೆಣ್ಣುಮಗಳಿಗೆ ಗೊತ್ತಿಲ್ಲ? ಸಿಮೆಂಟೂ ಸುಣ್ಣದ ಕಲ್ಲು ಸುಟ್ಟು ಮಾಡಿದ್ದೇ. ಆಕೆ ಬೆರಳು ಅದ್ದಿ, ಬೆರಳನ್ನು ನೋಡಿ, ಆಮೇಲೆ ಕಂಬದ ತಳಪಾಯವನ್ನು ನೋಡಿದಳು.

“ಇದು ನಾ ಹೊತ್ತ ನೀರಿನಾಗ ಕಲಸಿದ್ದಲ್ಲೇನು ಯಣ್ಣಾ?” ಅಂದಳು.

ಆಕೆ ಬಯ್ಯಲಿಲ್ಲ. ಬೆರಳನ್ನು ಸೆರಗಿಗೆ ಒರೆಸಿಕೊಂಡಳು, ಅಲ್ಲಿ ಕೆಂಪು ಕಲೆಯಾಯಿತು.

“ಆದದ್ದಾತು. ಸಂಜಿಕ್ಕ ನೀನ ಬಂದು ಒಂದ್ಮಾತು ಹೇಳಿಬಿಡು. ಗುಂಡಿ ಮುಚ್ಚೈತಿ ಅಂತ ಹೇಳಿದ್ರ ಸಾಕು, ಯಾರು ಮುಚ್ಚಿದ್ರು ಅಂತ ನಾ ಕೇಳಾಕಿ ಅಲ್ಲ.”

ಹೂಂ ಎಂದೆ. ಆಕೆ ಖಾಲಿ ಕೊಡ ಹೊತ್ತು ಇಳಿದುಹೋದಳು.

ಸಂಜೆ ನಾನೂ ಇಳಿದೆ. ಇಳಿಯುವಾಗ ಹೇಳುವುದೆಂದೇ ಇತ್ತು. ಒರತೆಯ ಹತ್ತಿರ ಊರು ನೆರೆದಿತ್ತು. ಬಸವನ ಬಾಯಿಯಿಂದ ನೀರು ಸಣ್ಣಗೆ ಬೀಳುತ್ತಿತ್ತು. ಬೇರೆ ಬಿರುಕುಗಳಿಂದ ಬಂದದ್ದಿರಬೇಕು. ದೀಪ ಹಚ್ಚಿದರು. ಪಂಚೆ ಬೆಳ್ಳಗೇ ಇತ್ತು. ಪೂಜೆಯ ಅಯ್ಯನವರು ಪಂಚೆಯ ಅಂಚು ಎತ್ತಿ ದೀಪಕ್ಕೆ ಹಿಡಿದು ನೋಡಿ ಕೆಳಗಿಟ್ಟರು. ಆಮೇಲೆ ಅತ್ತಿಗೆ, ಯಾರಿಗೂ ಅಲ್ಲವೆಂಬಂತೆ, ಗಂಡಗ ಬ್ಯಾಡಾದಾಕಿ ಗುಡ್ಡಕ್ಕೂ ಬ್ಯಾಡಾದಳು ಎಂದಳು.

“ನುಂಗುಗುಂಡಿ ಮುಚ್ಚೈತ್ರಿ ಅಯ್ಯಾರ,” ಅಂದಳು ಆಕೆ. ದನಿ ಗಟ್ಟಿಯಾಗಿತ್ತು. “ನೀರು ಮ್ಯಾಲೇ ನಿಂತೈತಿ. ಯಣ್ಣ ನೋಡ್ಯಾನ, ಕೇಳ್ರಿ.”

ಎಲ್ಲರೂ ನನ್ನ ಕಡೆ ತಿರುಗಿದರು. ಈರಣ್ಣನ ಕೈಯಲ್ಲಿ ಕೋಲಿತ್ತು. ಅದು ದನ ಹೊಡೆಯುವ ಕೋಲು, ನನಗಾಗಿ ತಂದದ್ದಲ್ಲ. ಆದರೂ ನನ್ನ ಕಣ್ಣು ಅದರ ಮೇಲೇ ಇತ್ತು. ಕೆಲಸ ಹೋಗುತ್ತದೆ, ಊರು ಮೈಮೇಲೆ ಬೀಳುತ್ತದೆ, ಪೊಲೀಸು ಎನ್ನುತ್ತಾರೆ, ಇಂಜಿನಿಯರ್ ನನ್ನನ್ನು ಗುರುತೇ ಇಲ್ಲ ಎನ್ನುತ್ತಾನೆ. ಇಷ್ಟೆಲ್ಲ ಒಮ್ಮೆಗೇ ಬಂತು. ಇನ್ನೊಂದೂ ಬಂತು. ಅರಿಶಿಣ ಸುರುವಿದ ಮೇಲೆ ಶ್ರಾವಣ ಮುಗಿಯುವ ತನಕ ಊರಿನವರು ಗುಡ್ಡ ಹತ್ತುವ ವಾಡಿಕೆ ಇರಲಿಲ್ಲ. ಅದು ನೆನಪಿದ್ದೇ ಹೇಳಿದೆ.

“ಮುಚ್ಚಿಲ್ರಿ,” ಅಂದೆ. “ಆಕಿ ಕೈ ನಡುಗಿತು. ಕೊಡ ವಾಲಿ ಕಲ್ಲಿನ ಮ್ಯಾಲೆ ಚೆಲ್ಲಿತು.”

ಆಕೆ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ದಾರಿ ಕೇಳಿದವರು, ಹೇಳಿದವನಿಗೇ ದಾರಿ ಗೊತ್ತಿಲ್ಲ ಎಂದು ತಿಳಿದಾಗ ನೋಡುತ್ತಾರಲ್ಲ, ಹಾಗೆ. ಸೆರಗಿನ ಕೆಂಪು ಕಲೆಯನ್ನು ಎತ್ತಿ ತೋರಿಸಬಹುದಿತ್ತು. ತೋರಿಸಲಿಲ್ಲ. ತಾನು ನಂಬಿ ಕರೆದ ಸಾಕ್ಷಿಯನ್ನು ತಾನೇ ಸುಳ್ಳುಗಾರ ಎನ್ನಲು ಆಕೆಗೆ ಮನಸ್ಸಾಗಲಿಲ್ಲವೋ, ಅಥವಾ ಅಷ್ಟರಲ್ಲಿ ದಣಿದುಹೋಗಿದ್ದಳೋ, ನನಗೆ ಇವತ್ತಿಗೂ ತಿಳಿಯದು.

ಆ ತಿಂಗಳು ನಾನು ತಗ್ಗಿಗೆ ಕಲ್ಲು ತುಂಬಿ ಅದರ ಗುರುತೇ ಇಲ್ಲದಂತೆ ಮಾಡಿದೆ. ಶ್ರಾವಣ ಕಳೆದು ಮೇಲೆ ಬಂದ ಊರವರು ಅದನ್ನು ನೋಡಿ ನನ್ನನ್ನು ಏನೂ ಕೇಳಲಿಲ್ಲ. ಆಕಿ ಚೆಲ್ಲಿದ್ದಕ್ಕ ಗುಡ್ಡ ಮುನಿದು ತಾನಾಗಿ ಮುಚ್ಚಿಕೊಂಡೈತಿ ಎಂದು ತಮ್ಮಲ್ಲೇ ಮಾತಾಡಿಕೊಂಡರು. ಅಷ್ಟು ಹೊತ್ತಿಗೆ ಆಕೆ ಊರಲ್ಲಿರಲಿಲ್ಲ. ಎಮ್ಮಿಗನೂರಿನಲ್ಲಿ ನೇಕಾರರ ಮನೆಯಲ್ಲಿ ಮಗ್ಗದ ಕಂಡಿಕೆಗೆ ನೂಲು ಸುತ್ತುವ ಕೆಲಸಕ್ಕೆ ಸೇರಿದ್ದಾಳೆಂದು ಕೇಳಿದೆ. ದೀಪಾವಳಿಗೆ ನಾನು ಕೆಲಸ ಬಿಟ್ಟು ಆದೋನಿಗೆ ಬಂದೆ. ಕೆಮ್ಮು ನಿಜವಾಗಿಯೂ ವಾಸಿಯಾಗಿತ್ತು.

ಆಮೇಲೊಮ್ಮೆ ಆದೋನಿ ಬಸ್ ನಿಲ್ದಾಣದಲ್ಲಿ ಆಕೆ ಎದುರಾದಳು. ಕೈಯಲ್ಲಿ ನೂಲಿನ ಗಂಟು, ಕೂದಲು ಅರ್ಧ ನರೆತಿತ್ತು. ನಾನು ಕಂಬದ ಮರೆಗೆ ಸರಿಯುವುದರೊಳಗೆ ನೋಡಿಬಿಟ್ಟಳು. “ಮೊಣಕಾಲು ಹೆಂಗದಾವ ಯಣ್ಣಾ?” ಎಂದಳು. “ಅದಾವವ್ವಾ,” ಎಂದೆ. ಎಮ್ಮಿಗನೂರು ಬಸ್ಸು ನಿಂತೇ ಇತ್ತು. ಹೊರಡಲು ಇನ್ನೂ ಹೊತ್ತಿತ್ತು. ಆಕೆ ಕಾದಂತೆ ಇತ್ತು. ನಾನು ಬಿಸಿಲು ಜಾಸ್ತಿ ಎಂದೆ. ಹೌದೆಂದು ಬಸ್ಸು ಹತ್ತಿದಳು.

ಮೊನ್ನೆ ಬಿಳಿಗುಡ್ಡಕ್ಕೆ ಹೋದೆ. ಗಾಳಿ ಸಾಲದೆಂದು ಕಂಪನಿಯವರು ಕಂಬವನ್ನೇ ಬಿಚ್ಚಿಕೊಂಡು ಹೋಗಿದ್ದಾರೆ. ಹತ್ತಲು ಆಗಲಿಲ್ಲ, ಅರ್ಧಕ್ಕೆ ಕೂತು ಇಳಿದೆ. ಒರತೆಯ ಬಸವನ ಬಾಯಿ ಒಣಗಿ ಸುಣ್ಣದ ಹಕ್ಕಳೆ ಕಟ್ಟಿದೆ. ಮಳೆಯ ನೀರು ಒಳಗೆ ಬೇರೆ ದಾರಿ ಹುಡುಕಿಕೊಂಡು ಗುಡ್ಡದ ಮೂಡಲ ಹಳ್ಳದಲ್ಲಿ, ಯಾರೂ ಇಲ್ಲದ ಕಡೆ ಬೀಳುತ್ತದಂತೆ. ಊರಿಗೆ ಬೋರಿನ ನೀರು ಬಂದಿದೆ. ಅರಿಶಿಣ ಸುರುವುವುದು ನಿಂತೇ ಹೋಗಿದೆ. ರಸ್ತೆಯ ಚಹದಂಗಡಿಯವನು ನನ್ನ ಗುರುತು ಸಿಗದೆ, ಹೊಸಬನಿಗೆ ಹೇಳುವಂತೆ ಆ ಕಥೆ ಹೇಳಿದ. ಈರಣ್ಣನ ತಂಗಿ ಒಬ್ಬಾಕಿ, ಕೈ ನಡುಗಿ ಚೆಲ್ಲಿದಳು, ಅವತ್ತಿಂದ ನೀರು ಹೋತು ಎಂದ. ಅದು ನಿಜವೇ ಎಂದು ಕೇಳಿದೆ.

“ನಿಜಾನೇರಿ. ಕಣ್ಣಾರೆ ನೋಡಿದಾವ ಒಬ್ಬ ಇದ್ದನಂತ. ಅವನ ಹೇಳ್ಯಾನ.”

“ಅವ ಸುಳ್ಳು ಹೇಳಿದ,” ಅಂದೆ. “ಆಕಿ ಕೈ ನಡುಗಲಿಲ್ಲ. ಆ ನೋಡಿದಾವ ನಾನ.”

ಅವನು ನನ್ನನ್ನು ಒಮ್ಮೆ ನೋಡಿ, ಮುದುಕರನ್ನು ಸಮಾಧಾನ ಮಾಡುವ ದನಿಯಲ್ಲಿ, ಹಳೇ ಮಾತು ಬಿಡ್ರಿ ಅಜ್ಜಾರ, ಚಾ ಆರತೈತಿ ಎಂದ. ಸುಳ್ಳು ಹೇಳಿದ ದಿನ ಊರೆಲ್ಲ ಒಂದೇ ಏಟಿಗೆ ನಂಬಿತ್ತು.

ಆದ್ದರಿಂದ ಇಲ್ಲಿ ಬರೆದಿಡುತ್ತಿದ್ದೇನೆ. ಎಮ್ಮಿಗನೂರಿಗೆ ನಮ್ಮ ಮನೆಯಿಂದ ಬಸ್ಸಿಗೆ ಹೆಚ್ಚು ಹೊತ್ತಾಗುವುದಿಲ್ಲ. ಆದರೂ ಇಷ್ಟು ವರ್ಷ ಹೋಗಲಿಲ್ಲ. ಆಕೆ ಈಗ ಅಲ್ಲಿದ್ದಾಳೋ, ಇದ್ದಾಳೋ ಇಲ್ಲವೋ, ವಿಚಾರಿಸಲೂ ಇಲ್ಲ. ಆ ಶ್ರಾವಣದ ಸೋಮವಾರ ಬಿಳಿಗುಡ್ಡದ ತುದಿಯಲ್ಲಿ, ಅಷ್ಟು ಗಾಳಿಯಲ್ಲೂ ಕೊಡ ವಾಲಲಿಲ್ಲ, ಒಂದು ಹನಿಯೂ ಹೊರಗೆ ಬೀಳಲಿಲ್ಲ. ಗುಂಡಿ ಮುಚ್ಚಿಸಿದವನು ನಾನು. ಸುರುವಿದಾಕೆ ಆ ಮನೆಯಲ್ಲಿ ಹುಟ್ಟಿದ ಮಗಳು, ಈರಣ್ಣನ ತಂಗಿ, ಉರುಕುಂದಮ್ಮ.